ಅವ್ವನ ಮೂಗುತಿ

ಚಿತ್ರಕಾರ ಸತ್ತ ದಿನವೇ ಅವನ ಚಿತ್ರಗಳೆಲ್ಲ ಬಣ್ಣ ಬಿಟ್ಟು ಬಿಳಿಯಾಗುತ್ತವೆ. ಅದಕ್ಕೇ ನಾನು ಪ್ರತಿ ಸೋಮವಾರ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಊರು ಬಿಟ್ಟುಹೋದ ತಮ್ಮ ಬಸಲಿಂಗ ಬರೆದ ಅವ್ವನ ಚಿತ್ರ ನೋಡಿ ಬರುತ್ತೇನೆ. ಅವ್ವನ ಎಡಮೂಗಿನ ಮೂಗುತಿಯನ್ನು ಆ ಹುಂಬ ಬಲಕ್ಕೆ ಬರೆದಿದ್ದಾನೆ. ನೋಡಿದಾಗಲೆಲ್ಲ ಬೈಯುತ್ತೇನೆ.

ಇಂದು ಚಿತ್ರಕ್ಕೆ ಬಟ್ಟೆ ಮುಚ್ಚಿತ್ತು.

“ಯಾಕ ಮುಚ್ಚೀಯೋ ಮಾಳಪ್ಪಾ? ತೆಗಿ ಮೊದಲ!” ಎಂದು ಜವಾನನ ಮೇಲೆ ಕೂಗಾಡಿದೆ.

“ಮುಟ್ಟಬ್ಯಾಡ್ರೀ ಅಕ್ಕಾರ...”

ನಾನೇ ಎಳೆದೆ. ಅವ್ವನ ಕೆಂಪು ಸೀರೆ ಹೊಳೆಯುತ್ತಿತ್ತು. “ಜೀವಾನ ಹೋಗಿತ್ತಲ್ಲೋ ನಂದು!” ಎಂದು ನಕ್ಕೆ.

ಮಾಳಪ್ಪ ನಗಲಿಲ್ಲ.

“ನೀವು ಅಳಬಾರದಂತ ಚಿತ್ರಾ ಕಲಿಯೋ ಹುಡುಗ್ರ ಕಡಿಂದ ಮತ್ತ ಬರಸೀನ್ರೀ,” ಎಂದ. “ಮೂಗುತಿ ಈ ಸಲ ಎಡಕ್ಕ ಐತಿ, ನೋಡ್ರಿ.”