ಸದ್ದಿಲ್ಲದ ಮಧ್ಯಾಹ್ನ

“ಆ ದಿನ ಮಧ್ಯಾಹ್ನ ಪೈಲಿಂಗ್ ಮಷಿನ್ ನಡೀತಿತ್ತಾ, ಇಲ್ವಾ? ಅಷ್ಟು ಹೇಳಿ, ಸಾಕು,” ಎಂದಳು ಅಕ್ಕು. ಲ್ಯಾಬಿನ ಹೊರಗಿನ ಸೋಫಾದ ತುದಿಯಲ್ಲಿ, ಯಾರಾದರೂ ಬಂದು ಎಬ್ಬಿಸಿಯಾರು ಎಂಬಂತೆ ಕೂತಿದ್ದಳು. ಗಲ್ಫಿಗೆ ಬಂದು ಖಲೀಫಾ ಸಿಟಿಯ ಮನೆಯೊಂದರಲ್ಲಿ ಅಡುಗೆ ಮಾಡುವವಳು, ಅರ್ಧ ದಿನದ ರಜೆ ಬೇಡಿಕೊಂಡು ರೀಮ್ ಐಲ್ಯಾಂಡಿಗೆ ಬಂದಿದ್ದಳು. ಗಂಡ ಚನಿಯ, ಲ್ಯಾಬಿನ ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದ ಸೈಟಿನಲ್ಲಿ, ಬಿದ್ದು ಸತ್ತು ಎರಡು ವಾರವಾಗಿತ್ತು.

ಲ್ಯಾಬಿನಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುವ ಸುಮಿತನಿಗೆ ಚನಿಯನ ಗುರುತಿತ್ತು. ಅಡಿಪಾಯದ ಗೂಟಗಳನ್ನು ನೆಲಕ್ಕೆ ಬಡಿದಿಳಿಸುವ ಪೈಲಿಂಗ್ ಯಂತ್ರದ ಕಂಬ ಹತ್ತಿ ತಂತಿಹಗ್ಗ ಸರಿಮಾಡುವ ಕೆಲಸ ಅವನದು. ನೆಲಕ್ಕೆ ಬೀಳುವ ಪೆಟ್ಟಿನಿಂದ ಪ್ರಯೋಗವೆಲ್ಲ ಹಾಳಾಗುತ್ತಿದೆ ಎಂದು ಸುಮಿತ್ ದೂರು ಹೇಳಲು ಹೋದಾಗ, ತುಳು ಕೇಳಿ ಮುಖ ಅರಳಿಸಿದ್ದು ಅವನೊಬ್ಬನೇ. “ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೆಲಸ ಮಾಡಿಸ್ಲಿಕ್ಕಿಲ್ಲ ಅಣ್ಣೆರೆ, ಸರ್ಕಾರದ ರೂಲ್. ಮಷಿನ್ ಬಂದ್, ಖಲಾಸ್. ಆಗ ಮಾಡಿ ನಿಮ್ಮದು,” ಎಂದಿದ್ದ. ಅಂದಿನಿಂದ ಲ್ಯಾಬಿನವರು ಬೇಗ ಉಂಡು ಮಧ್ಯಾಹ್ನವೇ ಅಳತೆಗೆ ಕೂರುತ್ತಿದ್ದರು. ಭೌತಶಾಸ್ತ್ರಕ್ಕೆ ಇಷ್ಟು ಉಪಕಾರ ಮಾಡಿದ ಕಾರ್ಮಿಕ ಕಾನೂನು ಇನ್ನೊಂದಿರಲಿಕ್ಕಿಲ್ಲ.

“ಕಂಪನಿಯವರು ಏನು ಹೇಳ್ತಾರೆ?” ಸುಮಿತ್ ಕೇಳಿದ.

“ರೆಸ್ಟ್ ಟೈಮಂತೆ, ಮಷಿನ್ ಬಂದ್ ಇತ್ತಂತೆ. ಯಾರೂ ಹತ್ಲಿಕ್ಕೆ ಹೇಳ್ಲಿಲ್ಲ, ನಮ್ಮವರೇ ಹತ್ತಿ ಹಾರಿದ್ದು ಅಂತೆ. ಜೊತೆಯಲ್ಲಿದ್ದವರನ್ನೆಲ್ಲ ಬೇರೆ ಕ್ಯಾಂಪಿಗೆ ಹಾಕಿದ್ದಾರೆ, ಯಾರೂ ಫೋನ್ ತೆಗೆಯುದಿಲ್ಲ. ಊರಲ್ಲಿ ಮಗಳು ಕೇಳ್ತಾಳೆ, ಅಪ್ಪನಿಗೆ ನಾವು ಬೇಡ ಆದ್ವಾ ಅಂತ. ನಾನು ಎಂತ ಹೇಳುದು?” ಅಕ್ಕು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಿಮ್ಮ ಮಷಿನಿಗೆ ಇರುವೆ ನಡೆದ್ರೂ ಗೊತ್ತಾಗ್ತದೆ ಅಂತ ನಮ್ಮವರೇ ಹೇಳ್ತಿದ್ರು. ಹಾಗೆ ಬಂದದ್ದು.”

ನೋಡಿ ಹೇಳುತ್ತೇನೆಂದು ಸುಮಿತ್ ಒಳಗೆ ಹೋದ. ಆ ಮಧ್ಯಾಹ್ನ ಅವನ ಬದುಕಿನ ಅತ್ಯಂತ ಸಂತೋಷದ ಮಧ್ಯಾಹ್ನವೂ ಆಗಿತ್ತು. ಅವರ ಪ್ರಯೋಗವೆಂದರೆ ಲೇಸರ್ ಬೆಳಕಿನಲ್ಲಿ ಮಾಡಿದ ಎರಡು ಗುಂಡಿ, ನಡುವೆ ಬೆಳಕಿನದೇ ಗೋಡೆ, ಒಂದು ಗುಂಡಿಯಲ್ಲಿ ವಿಪರೀತ ತಣ್ಣಗಾದ ಪರಮಾಣುಗಳು. ಬೆಳಕನ್ನು ಹದವಾಗಿ ಕುಲುಕಿದರೆ ಅವುಗಳ ಓಡಾಟ ತಾಳತಪ್ಪುತ್ತದೆ. ಆ ಗೊಂದಲದಲ್ಲಿ ಅವು ಗೋಡೆಯನ್ನು ಹತ್ತಿ ಇಳಿಯದೆಯೇ, ಸುರಂಗ ಕೊರೆದವರಂತೆ ಆಚೆ ಕಾಣಿಸಿಕೊಳ್ಳಬೇಕು; ಇದಕ್ಕೇ ಟನೆಲಿಂಗ್ ಎನ್ನುವುದು. ವರ್ಷಗಟ್ಟಲೆ ಕುಲುಕಿದರೂ ಅಷ್ಟೋ ಇಷ್ಟೋ ದಾಟುತ್ತಿದ್ದವು. ಆ ದಿನ ದಂಡುದಂಡಾಗಿ ದಾಟಿದವು! ಮುಖ್ಯಸ್ಥ ಕ್ಯಾಮಿಲಸ್ ಎಲ್ಲರಿಗೂ ಕುನಾಫಾ ಎಂಬ ಅರಬ್ ಸಿಹಿತಿಂಡಿ ತರಿಸಿ ಹಂಚಿದ್ದರು.

ನೆಲದ ನಡುಕ ಅಳೆಯುವ ಸೆನ್ಸರಿನ ಆ ದಿನದ ದಾಖಲೆಯನ್ನು ಸುಮಿತ್ ತೆರೆದ. ಮಧ್ಯಾಹ್ನದ ದಾಖಲೆಯನ್ನು ಲ್ಯಾಬಿನಲ್ಲಿ ಯಾರೂ ನೋಡುತ್ತಿರಲಿಲ್ಲ. ಆ ಹೊತ್ತಿನ ಮೌನಕ್ಕೆ ಸರ್ಕಾರವೇ ಜಾಮೀನು, ನೋಡುವುದೇನು? ಪರದೆಯ ತುಂಬ ಪೆಟ್ಟುಗಳು, ಒಂದರ ಹಿಂದೊಂದು. ಆಮೇಲೆ ಒಮ್ಮೆಗೇ ನಿಂತಿದ್ದವು. ನಿಂತ ಜಾಗವನ್ನು ಅವನು ಹೆಚ್ಚು ಹೊತ್ತು ನೋಡಲಾರದೆ ಹೋದ.

“ನೋಡಿದ್ಯಾ?” ಕ್ಯಾಮಿಲಸ್ ಹಿಂದೆ ಬಂದು ನಿಂತಿದ್ದರು.

“ಪರಮಾಣುಗಳು ಗೋಡೆಯೊಳಗಿಂದ ಬಂದದ್ದಲ್ಲ ಸರ್. ಪೈಲಿಂಗ್ ಪೆಟ್ಟು ಅವನ್ನು ಎತ್ತಿ ಆಚೆ ಹಾಕಿದೆ. ಟನೆಲಿಂಗೂ ಇಲ್ಲ, ಮಣ್ಣೂ ಇಲ್ಲ.”

“ಪೇಪರ್ ಜರ್ನಲಿಗೆ ಹೋಗಿ ಆಯ್ತು. ಮಧ್ಯಾಹ್ನದ ವಿರಾಮದಲ್ಲಿ ಪೂರ್ತಿ ನಿಶ್ಶಬ್ದದಲ್ಲಿ ಅಳೆದದ್ದು ಅಂತ ನೀನೇ ಬರೆದದ್ದು.”

“ಹೊರಗೆ ಆ ಹೆಂಗಸು ಕೂತಿದ್ದಾರೆ ಸರ್. ಮಷಿನ್ ನಡೀತಿತ್ತು ಅಂದ್ರೆ ಅವನನ್ನು ಕೆಲಸಕ್ಕೆ ಹತ್ತಿಸಿದ್ದು ಅಂತಾಗ್ತದೆ. ಇಲ್ಲದಿದ್ರೆ...”

“ನಡೀತಿತ್ತು ಅಂದ್ರೆ ನಮ್ಮ ರಿಸಲ್ಟ್ ಇಲ್ಲ. ರಿಸಲ್ಟ್ ಇಲ್ಲದಿದ್ರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದಿದ್ರೆ ನಿನಗೂ ನನಗೂ ವೀಸಾ ಇಲ್ಲ.” ಕ್ಯಾಮಿಲಸರ ದನಿಯಲ್ಲಿ ಬೆದರಿಕೆ ಇರಲಿಲ್ಲ, ಸುಸ್ತಿತ್ತು. “ನಿನ್ನ ಹೆಂಡತಿಗೆ ಇದೇ ತಿಂಗಳಲ್ವಾ ಡೇಟು? ಸತ್ತವನು ಹೇಗೂ ವಾಪಸ್ ಬರುದಿಲ್ಲ ಮಾರಾಯ. ಯೋಚನೆ ಮಾಡು.”

ಅವರು ಹೋದರು. ಸುಮಿತ್ ಯೋಚನೆ ಮಾಡಿದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹೊರಗೆ ಬರಲು ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ. ಚನಿಯನ ಮಗಳ ಮುಖವನ್ನು ಕಲ್ಪಿಸಿಕೊಳ್ಳಲು ಹೋದರೆ ಇನ್ನೂ ಹುಟ್ಟದ ತನ್ನದೇ ಕೂಸು ಅಡ್ಡ ಬರುತ್ತಿತ್ತು. ಕೊನೆಗೆ ಪರದೆ ಮುಚ್ಚಿ ಎದ್ದ. ನೀರು ಕುಡಿದ.

ಅಕ್ಕು ಅವನನ್ನು ಕಂಡು ಎದ್ದು ನಿಂತಳು.

“ಸದ್ದು ಇರಲಿಲ್ಲ ಅಕ್ಕಾ,” ಎಂದ ಅವನು, ಅವಳ ಚಪ್ಪಲಿ ನೋಡುತ್ತ.

“ಸರಿ ನೋಡಿದ್ರಾ?”

“ನೋಡಿದೆ. ಮಷಿನ್ ಬಂದ್ ಆಗಿಯೇ ಇತ್ತು.”

ಅಕ್ಕು ಅಳಲಿಲ್ಲ, ಅನುಮಾನಪಡಲಿಲ್ಲ. ಒಂದು ಬೈಗುಳ ಬೈದಿದ್ದರೂ ಅವನಿಗೆ ಉಸಿರಾಡಲಾಗುತ್ತಿತ್ತೇನೋ. “ನಿಮಗೆ ಉಪದ್ರ ಆಯ್ತು,” ಎಂದು ಕೈಮುಗಿದು ಹೊರಟಳು. ಲಿಫ್ಟಿನ ಮುಂದೆ ನಿಂತಿದ್ದಾಗ ಅವಳ ಫೋನ್ ಬಡಿದುಕೊಂಡಿತು. ಊರಿಂದ ಮಗಳು. ಅಕ್ಕು ತುಳುವಿನಲ್ಲಿ, ಮೆಲ್ಲಗೆ, ಮಗುವಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು:

“ಶಾಲೆಯಲ್ಲಿ ಯಾರಾದ್ರೂ ನಿನ್ನ ಅಪ್ಪ ತಾನೇ ಹಾರಿದ್ದು ಅಂದ್ರೆ, ಇನ್ನು ಅವರ ಹತ್ರ ಜಗಳ ಮಾಡ್ಬೇಡ ಮಗಾ. ಅವರು ಹೇಳುದು ಹೌದಂತೆ.”