ಹಳೇ ಗ್ಯಾಸಿನ ಕೊನೇ ಏಸಿ

ಮರುಭೂಮಿಯ ಊರಾದ ಯೂಮಾದ ಜೂನ್ ಬಿಸಿಲಿಗೆ ಮನೆಗಾಡಿಯ ಛಾವಣಿ ಮೇಲಿದ್ದ ಏಸಿ ಒಮ್ಮೆ ಗೊರಗೊರ ಸದ್ದು ಮಾಡಿ ನಿಂತುಹೋದಾಗ, ವರ್ಲಿನ್ ಪಿಕಪ್ ತೆಗೆದುಕೊಂಡು ಹೊರಟ. ಸಂಜೆ ಬರುವಾಗ ಗಾಡಿಯ ಹಿಂದೆ ದೊಡ್ಡ ರಟ್ಟಿನ ಪೆಟ್ಟಿಗೆಯಿತ್ತು. ಮುಖದಲ್ಲಿ ಲಾಟರಿ ಹೊಡೆದವನ ಕಳೆಯಿತ್ತು.

"ಕೊನೇದು ಕಣೇ," ಎಂದ ಹೆಂಡತಿ ಮಾರ್ಲಿಸ್‌ಗೆ. "ತಂಪು ಮಾಡೋ ಹಳೇ ಗ್ಯಾಸಿಂದು. ಹೊಸ ರೂಲ್ಸ್ ಬಂದಮೇಲೆ ಇಂಥದ್ದನ್ನ ಮಾಡೋದೇ ನಿಲ್ಲಿಸಿದಾರಂತೆ. ಆ ಅಂಗಡೀಲಿ ಇದೊಂದೇ ಉಳಿದಿತ್ತು. ಮಿಕ್ಕಿದ್ದೆಲ್ಲ ಹೊಸ ಗ್ಯಾಸಿಂದು, ಅದು ಹೊತ್ಕೊಳ್ಳುತ್ತೆ ಅಂತ ಮೇಲೆ ಬೆಂಕಿ ಚಿತ್ರ ಅಂಟಿಸಿರ್ತಾರೆ. ತಲೆ ಮೇಲೆ ಬೆಂಕಿ ಇಟ್ಕೊಂಡು ಯಾರಾದ್ರೂ ಮಲಗ್ತಾರಾ?"

"ಇಷ್ಟು ವರ್ಷ ಒಲೆ ಸಿಲಿಂಡರ್ ಮಗ್ಗುಲಲ್ಲೇ ಮಲಗಿಲ್ವಾ? ಆಯ್ತು, ಮೇಲೆ ಕೂರಿಸು. ನಾನಿಲ್ಲಿ ಬೆಂದು ಹೋಗ್ತಿದೀನಿ."

"ಬೆಳಿಗ್ಗೆ ಹಾಕ್ತೀನಿ. ಈಗ ಛಾವಣಿ ಕಾದ ಕಾವಲಿ ಆಗಿದೆ."

ಬೆಳಗಾಗುವಷ್ಟರಲ್ಲಿ ಸುದ್ದಿ, ಮನೆಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಜನ ವಾಸಿಸುವ ಆ ಪಾರ್ಕಿನಲ್ಲೆಲ್ಲ ಮುಟ್ಟಿತ್ತು. ಜನ ಕಾಫಿ ಲೋಟ ಹಿಡಿದುಕೊಂಡೇ ಪೆಟ್ಟಿಗೆ ನೋಡಲು ಬಂದರು. ಒಬ್ಬ ಅದಕ್ಕೆ ಬದಲಾಗಿ ತನ್ನ ಗಾಲ್ಫ್ ಗಾಡಿ ಕೊಡುತ್ತೇನೆಂದ. ಆ ತುದಿಯ ಮುದುಕನೊಬ್ಬ ತನಗೆಂದು ಕಾದಿರಿಸಿಕೊಂಡಿದ್ದ ಸ್ಮಶಾನದ ಜಾಗವನ್ನೇ ಬಿಟ್ಟುಕೊಡಲು ಮುಂದಾದ. ಮರದ ನೆರಳಿದೆ, ಬೆಟ್ಟವೂ ಕಾಣುತ್ತದೆ ಎಂದು ಬಿಡಿಸಿ ಹೇಳಿದ. ವರ್ಲಿನ್ ಎಲ್ಲರಿಗೂ ನಯವಾಗಿ ಆಗುವುದಿಲ್ಲವೆಂದ. ಅವರೆಲ್ಲ ಹೋದ ಮೇಲೆ, ಆಗಲೇ ಗಾಡಿಗೆ ಒರಗಿಸಿದ್ದ ಏಣಿಯನ್ನು ತೆಗೆದು ಮಡಚಿಟ್ಟ.

"ಯಾಕೆ?" ಎಂದಳು ಮಾರ್ಲಿಸ್.

"ಬಿಚ್ಚಿದ್ರೆ ಅದು ಬರೀ ಏಸಿ. ಪೆಟ್ಟಿಗೇಲಿ ಇರೋವರೆಗೆ ಕೊನೇ ಏಸಿ."

ಅವಳು ಬೈಯಲು ಬಾಯಿ ತೆರೆದಳು. ವರ್ಲಿನ್ ಮಿನೆಸೋಟದಲ್ಲಿ ನಿವೃತ್ತಿಯಾಗುವವರೆಗೂ ಶಾಲೆಯ ಬಸ್ಸು ಓಡಿಸಿದವನು. ಊರಿನ ಮೀನು ಹಿಡಿಯುವ ಪಂದ್ಯದಲ್ಲಿ ಸಮಾಧಾನಕರ ಬಹುಮಾನವನ್ನೂ ಕಂಡವನಲ್ಲ. "ನನ್ನ ಹತ್ರ ಇರೋದನ್ನ ನೋಡೋಕೆ ಜನ ಬಂದಿದ್ದು ಇದೇ ಮೊದಲು ಮಾರ್ಲಿಸ್," ಎಂದ ಮೆಲ್ಲಗೆ. ಆ ಒಂದು ಮಾತಿಗಾಗಿ ಅವಳು ವಾರವೆಲ್ಲ ಒದ್ದೆ ಟವೆಲ್ ಹೊದ್ದು ಮಲಗಿದಳು.

ಒಂದು ಮಧ್ಯಾಹ್ನ ಅವಳಿಗೆ ಉಸಿರು ಕಟ್ಟಿದಂತಾಗಿ ಎಚ್ಚರವಾಯಿತು. ತಲೆದೆಸೆಯ ಫ್ಯಾನ್ ಇರಲಿಲ್ಲ. ಹೊರಗೆ ಬಂದು ನೋಡಿದರೆ, ಗಾಡಿಯ ಬದಿಗೆ ಕಟ್ಟಿದ ಬಟ್ಟೆಯ ಚಪ್ಪರದಡಿ ಫ್ಯಾನ್ ಪೆಟ್ಟಿಗೆಯ ಕಡೆ ಮುಖಮಾಡಿ ತಿರುಗುತ್ತಿತ್ತು. ಪೆಟ್ಟಿಗೆಯ ಮೇಲೆ ಅವಳ ಬಿಸಿಲ ಟೋಪಿಯಿತ್ತು.

"ಕಾವು ಹೆಚ್ಚಾದ್ರೆ ಒಳಗಿನ ಗ್ಯಾಸಿಗೆ ಏನಾಗುತ್ತೋ ಅಂತ," ಎಂದ ವರ್ಲಿನ್.

ಮಾರ್ಲಿಸ್ ದಿಂಬು ಎತ್ತಿಕೊಂಡು ಪಕ್ಕದ ಡೋರೀನಳ ಮನೆಗಾಡಿಗೆ ಹೋದಳು. ಡೋರೀನ್ ಒಬ್ಬಳೇ ಇರುವವಳು. ವಸಂತದಲ್ಲಷ್ಟೇ ಹೊಸ ಗ್ಯಾಸಿನ ಏಸಿ ಹಾಕಿಸಿದ್ದಳು. ಸ್ವಲ್ಪ ಹೊತ್ತಿಗೆ ವರ್ಲಿನ್ ಹೆಂಡತಿಯನ್ನು ಕರೆಯಲು ಬಂದ. ಮೆಟ್ಟಿಲ ಮೇಲೇ ನಿಂತ.

"ಒಳಗೆ ಬಾರಯ್ಯ, ತಂಪೆಲ್ಲ ಹೊರಗೆ ಹೋಗ್ತಿದೆ," ಎಂದಳು ಡೋರೀನ್.

"ಆ ಬಾಂಬಿನ ಕೆಳಗೆ ನಾನು ಬರಲ್ಲ."

ಡೋರೀನ್ ಅದೇ ಬಾಂಬಿನ ಕೆಳಗೆ ಕೂತು ಸಿಗರೇಟು ಹಚ್ಚಿದಳು. "ಸಿಡಿದ್ರೆ ಹೇಳಿ ಕಳಿಸ್ತೀನಿ. ಅಲ್ಲೀವರೆಗೆ ನಿನ್ನ ಹೆಂಡ್ತಿ ತಣ್ಣಗಿರ್ಲಿ."

ಬಾಗಿಲಿಂದ ಬರುತ್ತಿದ್ದ ತಂಪು ಮುಖಕ್ಕೆ ತಾಗಿ ವರ್ಲಿನ್ ಕಣ್ಣು ಮುಚ್ಚಿದ. ಹಾಗೇ ನಿಂತಿದ್ದ. ಆಮೇಲೆ ಪೆಟ್ಟಿಗೆಯನ್ನು ಒಂಟಿಯಾಗಿ ಬಿಟ್ಟು ಬಂದದ್ದು ನೆನಪಾಗಿ ಹೊರಟುಹೋದ.

ಮಾರ್ಲಿಸ್ ಡೋರೀನಳ ಸೋಫಾದ ಮೇಲೆ ಕೂತೇ ಅಂಗಡಿಗೆ ಫೋನು ಮಾಡಿದಳು. ಎರಡು ದಿನ ಬಿಟ್ಟು ರಿಪೇರಿಯವನು ಬಂದು ಸತ್ತ ಏಸಿಯನ್ನು ಇಳಿಸಿ, ಅದೇ ಕಿಂಡಿಗೆ ಹೊಸ ಗ್ಯಾಸಿನದನ್ನು ಕೂರಿಸಿದ. ಯುದ್ಧಕ್ಕೆ ಸಿದ್ಧಳಾಗಿದ್ದ ಮಾರ್ಲಿಸ್‌ಗೆ ಗಂಡ ಅಡ್ಡಿ ಮಾಡದಿದ್ದುದು ಆಶ್ಚರ್ಯ ತಂದಿತು. ಒಳಗೆ ತಣ್ಣಗಾದಾಗ ಅವನು ಬಂದು ಅದರ ಕೆಳಗೇ ನಿಂತು, ಅಂಗೈ ಮೇಲೆತ್ತಿ ಗಾಳಿ ನೋಡಿದ. "ಚೆನ್ನಾಗಿದೆ," ಎಂದ. ಹೊರಗೆ ಹೋದ. ಪೆಟ್ಟಿಗೆಯನ್ನು ಎಳೆದುಕೊಂಡು ಏದುಸಿರು ಬಿಡುತ್ತಾ ವಾಪಸು ಬಂದ.

ಪೆಟ್ಟಿಗೆ ಸೋಫಾಕ್ಕೂ ಅಡುಗೆ ಕಟ್ಟೆಗೂ ನಡುವೆ ಇದ್ದಬದ್ದ ಜಾಗವನ್ನೆಲ್ಲ ನುಂಗಿತು. ಮಾರ್ಲಿಸ್ ಸೋಫಾದ ಮೇಲೆ ಕಾಲು ಮಡಚಿ ಕೂತಳು. ವರ್ಲಿನ್ ನಿಂತಲ್ಲಿ ನಿಂತರೆ ಬಾಗಿಲು ಹಾಕಲು ಬರುತ್ತಿರಲಿಲ್ಲ.

"ಒಂದೋ ಅದು ಇರುತ್ತೆ, ಇಲ್ಲಾ ನೀನಿರ್ತೀಯ," ಎಂದಳು ಮಾರ್ಲಿಸ್. "ಯೋಚನೆ ಮಾಡಿ ಹೇಳು."

ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲವೆಂದೇ ಅವಳು ಅಂದುಕೊಂಡಿದ್ದಳು. ಆದರೆ ವರ್ಲಿನ್ ನಿಜವಾಗಿಯೂ ಯೋಚಿಸಿದ. ಪೆಟ್ಟಿಗೆಯನ್ನೊಮ್ಮೆ ಸವರಿ, ಹೊರಗಿಳಿದು, ತಂಪು ಹೋಗದಂತೆ ಬಾಗಿಲನ್ನು ತಾನೇ ಭದ್ರವಾಗಿ ಹಾಕಿದ. ಕಿಟಕಿಯ ಪಕ್ಕಕ್ಕೆ ಮಡಚುವ ಕುರ್ಚಿ ಎಳೆದುಕೊಂಡು ಆ ಉರಿಯಲ್ಲಿ ಕೂತ.

ಮಾರ್ಲಿಸ್ ಬಹಳ ಹೊತ್ತಾದ ಮೇಲೆ ಎದ್ದು ಮಂಜುಗಡ್ಡೆ ಹಾಕಿ ಚಹಾ ಮಾಡಿಕೊಂಡಳು. ಹೊರಮೈಯಲ್ಲಿ ನೀರು ಒಸರುತ್ತಿದ್ದ ಗ್ಲಾಸನ್ನು ಪೆಟ್ಟಿಗೆಯ ಮೇಲಿಟ್ಟು, ಎರಡೂ ಕಾಲನ್ನು ಅದರ ಮೇಲೇ ಚಾಚಿದಳು. ಕಿಟಕಿಯ ಗಾಜಿನ ಮೇಲೆ ಯಾರೋ ಬಡಿದರು. ವರ್ಲಿನ್. ಮುಖ ಕೆಂಪಗೆ ಸುಟ್ಟಿತ್ತು, ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೊನೆಗೂ ಸೋತನಲ್ಲ ಎಂದು ಅವಳು ಮರುಗಿ ಲಗುಬಗೆಯಿಂದ ಎದ್ದು ಕಿಟಕಿ ಸರಿಸಿದಳು.

"ಗ್ಲಾಸ್ ಕೆಳಗೆ ಏನಾದ್ರೂ ಇಡೇ," ಎಂದ ವರ್ಲಿನ್, "ರಟ್ಟು ನೆನೆಯುತ್ತೆ."