ಎಡರೆಕ್ಕೆಯ ಬಳಿ ಯಾರೂ ಇಲ್ಲ

ವಿಮಾನದ ಬಲರೆಕ್ಕೆಯ ತುದಿಯಲ್ಲಿ ನಿಂತಿದ್ದ ಅವಳು ಕೈಯಲ್ಲಿದ್ದ ಕೆಂಪು ಕೋಲುಗಳೆರಡನ್ನೂ ತಲೆಯ ಮೇಲೆ ಅಡ್ಡಡ್ಡ ಹಿಡಿದಳು. ನಿಲ್ಲಿಸಿ ಎಂದು ಅದರ ಅರ್ಥ. ವಿಮಾನವನ್ನು ಹಿಂದಕ್ಕೆ ತಳ್ಳಲು ಹೊರಟಿದ್ದ ಟ್ರ್ಯಾಕ್ಟರ್ ಗಕ್ಕನೆ ನಿಂತಿತು.

ಸೂಪರ್‌ವೈಸರ್ ಓಡಿಬಂದ. "ಏನಮ್ಮಾ ನಿಂದು ರಗಳೆ? ಆಗಲೇ ಲೇಟಾಗಿದೆ, ಕೈ ಇಳಿಸು!"

"ಎಡರೆಕ್ಕೆ ಹತ್ರ ಯಾರೂ ಇಲ್ಲ ಸಾರ್. ಅಲ್ಲಿದ್ದವರನ್ನ ನೀವೇ ಬೇರೆ ವಿಮಾನಕ್ಕೆ ಕಳಿಸಿದ್ರಿ. ಆ ಕಡೆ ಹಿಂದೆ ಲಗೇಜ್ ಇಳಿಸೋರು ಓಡಾಡ್ತಿದ್ದಾರೆ."

"ನಾನು ಇಲ್ಲಿಂದಲೇ ನೋಡ್ಕೋತೀನಿ."

"ನಿಮ್ಮ ಕಣ್ಣು ವಿಮಾನದ ಹೊಟ್ಟೆ ತೂರಿಕೊಂಡು ಆಚೆ ಹೋಗುತ್ತಾ ಸಾರ್?"

ಅವನ ಮುಖ ಕೆಂಪೇರಿತು. "ನಾಳೆಯಿಂದ ಕೆಲಸಕ್ಕೆ ಬರಬೇಡ."

"ನಾಳೆ ಮಾತು ನಾಳೆಗಿರಲಿ. ಈಗ ಮಾತ್ರ ಕೈ ಇಳಿಸಲ್ಲ."

ಅವಳು ಕದಲಲಿಲ್ಲ. ಟ್ರ್ಯಾಕ್ಟರ್‌ನಲ್ಲಿ ಕೂತಿದ್ದವನು ಅವಳ ಸೋದರಮಾವ. ಅವಳಿಗೆ ಈ ಕೆಲಸ ಕೊಡಿಸಿದವನೂ ಅವನೇ. ಮೇಲಿನವರೆದುರು ಅವನು ಎಂದೂ ದನಿಯೆತ್ತಿದವನಲ್ಲ. ತನ್ನಿಂದ ಅವನ ಅನ್ನಕ್ಕೂ ಕಲ್ಲು ಬಿತ್ತೇನೋ ಎಂದು ಅವಳು ಅಳುಕಿದಳು.

ಸೂಪರ್‌ವೈಸರ್ ಟ್ರ್ಯಾಕ್ಟರ್ ಕಡೆ ತಿರುಗಿ ಕೂಗಿದ. "ಇವಳ ಮುಖ ಏನು ನೋಡ್ತೀರಿ? ನೀವು ತಳ್ರೀ!"

ಮಾವ ಹ್ಯಾಂಡ್‌ಬ್ರೇಕ್ ಎಳೆದ. ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗಿಳಿಸಿ, ಕೆಳಗಿಳಿದು ನಿಧಾನವಾಗಿ ನಡೆದುಬಂದು ಸೊಸೆಯ ಪಕ್ಕದಲ್ಲಿ ನಿಂತ.

"ಆ ಕಡೆಗೆ ಯಾರನ್ನಾದ್ರೂ ಕರೆಸಿ ಸಾರ್," ಎಂದ. "ಯಾರೂ ಇಲ್ಲಾಂದ್ರೆ ನೀವೇ ಹೋಗಿ ನಿಂತ್ಕೊಳ್ಳಿ."

ಸೂಪರ್‌ವೈಸರ್ ಇಬ್ಬರನ್ನೂ ದುರುಗುಟ್ಟಿ ನೋಡಿದ. ಆಮೇಲೆ ಗೊಣಗುತ್ತಲೇ ಎಡರೆಕ್ಕೆಯತ್ತ ಹೆಜ್ಜೆ ಹಾಕಿದ.